ಅಗಸ ಹೋಗಿ ಅರಸ ಬಂದ: ಮಕ್ಕಳ ಮೊದಲ ಪದಗಳ ಕುರಿತು

ನಾನು ಒಂದನೇ ತರಗತಿಯಲ್ಲಿದ್ದಾಗ ಗೋಡೆಗೆ ತೂಗುಹಾಕಿದ ಅಕ್ಷರಮಾಲೆಯ ತಖ್ತೆಯ ಮೊದಲ ಚೌಕದಲ್ಲಿ ನಮ್ಮಪ್ಪ ಇದ್ದ. ಚಿತ್ರದವನ ಬೆನ್ನ ಮೇಲೆ ಬಟ್ಟೆಯ ಗಂಟು, ಪಕ್ಕದಲ್ಲೊಂದು ಕತ್ತೆ, ಕೆಳಗೆ ದಪ್ಪಕ್ಷರದಲ್ಲಿ 'ಅಗಸ' ಎಂದು ಬರೆದಿತ್ತು. ಮಾಸ್ತರರು ಕೋಲಿನಿಂದ 'ಅ' ತೋರಿಸಿದೊಡನೆ ಇಡೀ ತರಗತಿ 'ಅಗಸ' ಎಂದು ಕೂಗಿ ನನ್ನ ಕಡೆ ತಿರುಗುತ್ತಿತ್ತು. ನಮ್ಮ ಮನೆಯಲ್ಲಿ ಕತ್ತೆ ಇರಲಿಲ್ಲ, ಅಪ್ಪನ ಹತ್ತಿರ ಒಂದು ಅಟ್ಲಾಸ್ ಸೈಕಲ್ ಇತ್ತು. ಆದರೂ ನಾನು ಹೊರಗೆ ಬಂದರೆ ಹುಡುಗರು ಕತ್ತೆಯ ಹಾಗೆ ಒದರುತ್ತಿದ್ದರು. ಕನ್ನಡ ವರ್ಣಮಾಲೆಯ ಮೊದಲ ಅಕ್ಷರವನ್ನು ನಾನು ತಲೆ ತಗ್ಗಿಸಿಕೊಂಡು ಕಲಿತೆ.

ಇದನ್ನು ಹೇಳಲು ಕಾರಣವಿದೆ. ಪಿಎಚ್.ಡಿ. ಕೆಲಸದ ನೆಪದಲ್ಲಿ ಕಳೆದ ಎರಡು ವರ್ಷಗಳಿಂದ ಮಕ್ಕಳ ಮೊದಲ ಓದಿನ ಪುಸ್ತಕಗಳನ್ನು, ತಖ್ತೆಗಳನ್ನು, ಅಂಗಡಿಯಲ್ಲಿ ಸಿಗುವ ಚಿತ್ರಕಾರ್ಡುಗಳನ್ನು ಕೂಡಿಹಾಕುತ್ತಿದ್ದೇನೆ. ಈಚಿನ ಹಲವು ತಖ್ತೆಗಳಲ್ಲಿ ಅಗಸ ಇಲ್ಲ. ಅವನ ಜಾಗದಲ್ಲಿ ಕಿರೀಟ ಇಟ್ಟುಕೊಂಡ ಅರಸ ಕೂತಿದ್ದಾನೆ. ಕೆಲವು ಕಡೆ ಅಳಿಲು, ಅಮ್ಮ ಇರುವುದೂ ಉಂಟು. ಮೊದಲ ಸಲ ಅರಸನನ್ನು ಕಂಡಾಗ ನನಗೆ ಸಮಾಧಾನವಾಯಿತು. ಇನ್ನು ಯಾವ ಹುಡುಗಿಯೂ ತಲೆ ತಗ್ಗಿಸಬೇಕಿಲ್ಲ. ಆಮೇಲೆ, ಅದೇ ದಿನ ರಾತ್ರಿ, ಸಿಟ್ಟು ಬಂತು. ಜಾತಿಯ ಹೆಸರನ್ನು ತೆಗೆಯುವುದು ಸರಿ. ಆದರೆ ಬಟ್ಟೆ ಒಗೆಯುವವನನ್ನು ಇಳಿಸಿ ಅರಸನನ್ನೇ ಏರಿಸಬೇಕೆಂದು ಯಾರಿಗೆ ತೋಚಿತು? ನಮ್ಮೂರಿನ ಯಾವ ಮಗು ಅರಸನನ್ನು ಕಂಡಿದೆ?

ಈ ಸಿಟ್ಟು ಪೂರ್ತಿ ನ್ಯಾಯವಾದುದಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ದಿನ ಹಿಡಿಯಿತು. 'ಅಗಸ' ಮತ್ತು 'ಅರಸ' ಎರಡನ್ನೂ ಬರೆದು ನೋಡಿ. ಮೂರು ಮೂರು ಅಕ್ಷರ. ಕೊಂಬು, ಇಳಿ, ಒತ್ತು ಯಾವುದೂ ಇಲ್ಲ. ನಡುವಿನ ಒಂದೇ ಅಕ್ಷರ ಬೇರೆ. ಅಂದರೆ ಅಗಸನನ್ನು ಆ ಚೌಕಕ್ಕೆ ತಂದದ್ದು ಸಮಾಜವನ್ನು ಕುರಿತ ಯಾವುದೋ ವಿಚಾರವಲ್ಲ, ಲಿಪಿಯ ಅನುಕೂಲ. ಅವನನ್ನು ತೆಗೆದಾಗ ಪಕ್ಕದಲ್ಲೇ ಸುಲಭವಾಗಿ ಸಿಕ್ಕವನು ಅರಸ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಮಕ್ಕಳು ಅ ಆ ಇ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಬರೆಯಲು ಸುಲಭವಾದ, ಒಂದರೊಡನೊಂದು ಕೂಡಿ ಬೇಗ ಪದವಾಗುವ ಅಕ್ಷರಗಳು ಇವು. ಸರ, ರಸ, ದರ, ಗರಗಸ, ಅರಸ, ಎಲ್ಲ ಮೊದಲ ವಾರಗಳಲ್ಲೇ ಕೈಗೆ ಸಿಗುತ್ತವೆ. ಅಗಸ ಕೂಡ ಇದೇ ಐದು ಅಕ್ಷರಗಳ ಮಗ. ಮಗು ಓದಲಾರಂಭಿಸಿದ ತಿಂಗಳಲ್ಲೇ ತಾನಾಗಿ ಒಂದು ಪದ ಕಟ್ಟುತ್ತದೆ ಎನ್ನುವುದು ಸಣ್ಣ ಸಾಧನೆಯಲ್ಲ. ನಲವತ್ತೊಂಬತ್ತು ಅಕ್ಷರಗಳನ್ನು ಬಾಯಿಪಾಠ ಮಾಡಿ ಮುಗಿಸುವವರೆಗೆ ಪದಕ್ಕೆ ಕಾಯಬೇಕಿದ್ದ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಳೆಯ ತಖ್ತೆಯಾಗಲಿ ಹೊಸ ಕ್ರಮವಾಗಲಿ, ಪದವನ್ನು ಆರಿಸುವುದು ಅಕ್ಷರ. ಮಗು ಯಾವ ಪದವನ್ನು ಮೊದಲು ಓದಬೇಕು ಎಂದು ಮಗುವಿನ ಬಾಯನ್ನು ಕೇಳಿದವರು ಕಡಿಮೆ.

ತಖ್ತೆಯನ್ನು ಒಂದು ಕೃತಿಯೆಂದು ಓದಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅದರಲ್ಲಿರುವವು ಬಹುತೇಕ ನಾಮಪದಗಳು. ಆನೆ, ಇಲಿ, ಎಲೆ, ಏಣಿ, ಊಟ ಎಂದು ಮನೆಯ ಸುತ್ತ ಓಡಾಡಿಕೊಂಡಿದ್ದ ಕೃತಿ ಇದ್ದಕ್ಕಿದ್ದಂತೆ ಈಶ, ಋಷಿ, ಐರಾವತ ಎಂದು ಪುರಾಣಕ್ಕೆ ನೆಗೆಯುತ್ತದೆ. ಒಂಟೆಯನ್ನು ನಾನು ಮೊದಲು ಕಂಡದ್ದು ಅಲ್ಲಿ, ಎರಡನೆಯ ಸಲ ಕಂಡದ್ದು ಕಾಲೇಜಿಗೆ ಬಂದ ಮೇಲೆ. ಮಹಾಪ್ರಾಣಗಳ ಸಾಲಿಗೆ ಬಂದರೆ ಖಡ್ಗ, ಝರಿ, ಠಸ್ಸೆ, ಢಕ್ಕೆ. ಇವು ಮಗುವಿಗೆ ಪದ ಕಲಿಸಲು ಬಂದವಲ್ಲ, ಖಾಲಿ ಚೌಕ ತುಂಬಲು ಬಂದವು. ಹದಿಮೂರನೆಯ ಶತಮಾನದ ಕೇಶಿರಾಜನೇ ಋ, ಶ, ಷ ಮುಂತಾದ ಹತ್ತನ್ನು ಬದಿಗಿಟ್ಟು ನಲವತ್ತೇಳನ್ನು ಕನ್ನಡದ ಶುದ್ಧಗೆ ಎಂದು ಎಣಿಸಿದ್ದ. ವೈಯಾಕರಣನಿಗೆ ಇದ್ದ ಆ ವಿವೇಚನೆ ಆರು ವರ್ಷದ ಮಗುವಿನ ಗೋಡೆಯ ಮೇಲೆ ಇಲ್ಲ. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ಯಾವುದು ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತದೆ, ಯಾವುದು ವರ್ಷಕ್ಕೊಮ್ಮೆ ಬರುತ್ತದೆ ಎಂಬ ಭೇದವೇ ಇಲ್ಲ.

ಕ್ರಿಯಾಪದಗಳಂತೂ ಇಲ್ಲವೇ ಇಲ್ಲ. ಬಾ, ಹೋಗು, ಕೊಡು, ತಾ, ಬೇಕು, ಬೇಡ, ಎಲ್ಲಿ, ಇಲ್ಲ. ಮೂರು ವರ್ಷದ ಮಗು ಜಗತ್ತನ್ನು ನಡೆಸುವುದು ಈ ಹತ್ತಾರು ಪದಗಳಿಂದ. ತಖ್ತೆಯ ಜಗತ್ತಿನಲ್ಲಿ ಎಲ್ಲರೂ ಸುಮ್ಮನೆ ನಿಂತಿದ್ದಾರೆ. ಆನೆ ನಿಂತಿದೆ, ಋಷಿ ಕೂತಿದ್ದಾನೆ, ಅಗಸ ಬಟ್ಟೆ ಒಗೆಯುತ್ತಿಲ್ಲ. ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ತಿರುಗಾಡಿದ ಪಂಜೆ ಮಂಗೇಶರಾಯರಿಗೆ ಇದು ಗೊತ್ತಿತ್ತೆಂದು ತೋರುತ್ತದೆ. ನಾಗರಹಾವನ್ನು ಕುರಿತ ಅವರ ಪದ್ಯದ ತುಂಬ ಕರೆಯುವ, ಬೇಡುವ, ಕೊಡುವ ಮಾತುಗಳಿವೆ. ಮಕ್ಕಳಿಗೆ ಅದು ಬಾಯಿಗೆ ಹತ್ತುವುದು ಪ್ರಾಸದಿಂದ ಮಾತ್ರ ಎಂದು ನಾನು ನಂಬುವುದಿಲ್ಲ. ಅಲ್ಲಿ ಯಾರೋ ಯಾರಿಗೋ ಏನನ್ನೋ ಹೇಳುತ್ತಿದ್ದಾರೆ.

ಈ ಎಲ್ಲ ವಿಚಾರ ನನ್ನೊಳಗೆ ಗಟ್ಟಿಯಾದದ್ದು ಅಣ್ಣನ ಮಗಳಿಂದ. ಅಣ್ಣ ಬೆಂಗಳೂರಿನಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮಗಳು ಇಂಗ್ಲಿಷ್ ಮಾಧ್ಯಮದ ಯುಕೆಜಿ. ಹೋದ ದಸರಾ ರಜೆಗೆ ಹೋದಾಗ ಅವಳ ಚೀಲದಲ್ಲಿ ಒಂದು ಕಟ್ಟು ಕಾರ್ಡು ಇತ್ತು. 'ಸೈಟ್ ವರ್ಡ್ಸ್' ಅಂತೆ. ದಿ, ವಾಸ್, ಸೆಡ್, ಆಫ್, ಕಮ್. ಕಾರ್ಡು ಎತ್ತಿದೊಡನೆ ಪಟಪಟನೆ ಹೇಳುತ್ತಾಳೆ. "ದಿ ಅಂದರೆ ಏನು?" ಎಂದು ಕೇಳಿದೆ. "ದಿ ಅಂದ್ರ ದಿ, ಅತ್ತಿ" ಅಂದಳು. ಅವಳ ಉತ್ತರ ತಪ್ಪೆನ್ನಲು ನನಗೆ ಆಗಲಿಲ್ಲ. ಅಣ್ಣ ಕೇಳಿದ: "ಕನ್ನಡದಾಗೂ ಇಂಥಾವು ಅದಾವೇನು? ನೀ ಇದನ್ನೇ ಓದಾಕಿ ಅಲ್ಲ, ಮಾಡಿಕೊಡು."

ನೋಡುವುದು ಎಂಬ ಆ ಹೆಸರಿನ ಹಿಂದೆ ಒಂದು ಚರಿತ್ರೆ ಇದೆ. ಅಮೆರಿಕದ ಎಡ್ವರ್ಡ್ ಡಾಲ್ಚ್ 1936ರಲ್ಲಿ 220 ಪದಗಳ ಪಟ್ಟಿ ಮಾಡಿದ. ಉದ್ದೇಶಪೂರ್ವಕವಾಗಿ ಅದರಿಂದ ನಾಮಪದಗಳನ್ನು ಹೊರಗಿಟ್ಟ. ನಾಮಪದ ಕತೆಯಿಂದ ಕತೆಗೆ ಬದಲಾಗುತ್ತದೆ. ಆನೆಯ ಕತೆಯಲ್ಲಿ ಆನೆ, ಹಡಗಿನ ಕತೆಯಲ್ಲಿ ಹಡಗು. ಆದರೆ ದಿ, ಆ್ಯಂಡ್, ವಾಸ್ ಮುಂತಾದವು ಯಾವ ಪುಟ ತೆರೆದರೂ ಇರುತ್ತವೆ. ಇಂಗ್ಲಿಷಿನ ಕಾಗುಣಿತ ಉಚ್ಚಾರಕ್ಕೆ ನಿಷ್ಠವಾಗಿಲ್ಲದ್ದರಿಂದ ಇವುಗಳಲ್ಲಿ ಹಲವನ್ನು ಅಕ್ಷರ ಕೂಡಿಸಿ ಓದಲು ಹೋದರೆ ಮಗು ಎಡವುತ್ತದೆ. ಹಾಗಾಗಿ ಕಂಡೊಡನೆ ಗುರುತಿಸುವಂತೆ ಮಾಡುವುದು ಅಲ್ಲಿನ ಉಪಾಯ. ನಮ್ಮ ತಖ್ತೆಗೆ ಇದು ಪೂರ್ತಿ ವಿರುದ್ಧ: ಅಲ್ಲಿ ನಾಮಪದ ಹೊರಗೆ, ಇಲ್ಲಿ ನಾಮಪದ ಮಾತ್ರ. ಇಂಥ ಸಣ್ಣ ಪಟ್ಟಿಯ ಬೇಲಿಯೊಳಗೇ ಡಾಕ್ಟರ್ ಸೂಸ್ 1957ರಲ್ಲಿ ಕೇವಲ 236 ಪದಗಳಲ್ಲಿ ಟೋಪಿಯ ಬೆಕ್ಕಿನ ಕತೆ ಬರೆದ, 1960ರಲ್ಲಿ ಪಂದ್ಯ ಕಟ್ಟಿ 50 ಪದಗಳಲ್ಲಿ ಇನ್ನೊಂದು ಬರೆದ. ಪಟ್ಟಿಯಿಂದಲೂ ಸಾಹಿತ್ಯ ಹುಟ್ಟಬಹುದು ಎಂಬುದಕ್ಕೆ ಅವು ಸಾಕ್ಷಿ.

ಆದರೆ ಆ ಪಟ್ಟಿಯನ್ನು ಕನ್ನಡಕ್ಕೆ ಇಳಿಸಲು ಕೂತರೆ ಕೈ ಕಟ್ಟುತ್ತದೆ. 'ದಿ'ಗೆ ನಮ್ಮಲ್ಲಿ ಏನೂ ಇಲ್ಲ. ಇನ್, ಟು, ಫ್ರಮ್ ಎಂಬವು ನಮ್ಮಲ್ಲಿ ಬಿಡಿ ಪದಗಳಲ್ಲ. ಮನೆಯಲ್ಲಿ, ಮನೆಗೆ, ಮನೆಯಿಂದ ಎಂದು ಪದದ ಬಾಲಕ್ಕೆ ಅಂಟಿಕೊಂಡಿವೆ. ಅಂಗಡಿಯಲ್ಲಿ ಕೊಂಡ ಒಂದು ಕಟ್ಟಿನಲ್ಲಿ 'ಅಲ್ಲಿ' ಎಂಬ ಕಾರ್ಡಿನ ಹಿಂದೆ ಇಂಗ್ಲಿಷಿನ 'ಇನ್' ಇತ್ತು. ಆ ಕಾರ್ಡು ಕಲಿತ ಮಗು 'ಮನೆ ಅಲ್ಲಿ' ಎಂದರೆ ತಪ್ಪು ಮಗುವಿನದಲ್ಲ. ಕನ್ನಡದಲ್ಲಿ ಮತ್ತೆ ಮತ್ತೆ ಬರುವ ಚೂರುಗಳು ಪದದ ಕೊನೆಯಲ್ಲಿರುತ್ತವೆ: ಅನ್ನು, ಇಂದ, ಗೆ, ಅಲ್ಲಿ, ಗಳು, ತ್ತಾನೆ, ತ್ತಾಳೆ. ಆದ್ದರಿಂದ ಕನ್ನಡದ ಮಗುವಿಗೆ 'ಮನೆ' ಎಂಬ ಒಂಟಿ ಕಾರ್ಡಿಗಿಂತ ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ಎಂಬ ನಾಲ್ಕನ್ನು ಒಟ್ಟಿಗೆ ಇಟ್ಟು ಯಾವುದು ಉಳಿಯಿತು, ಯಾವುದು ಬದಲಾಯಿತು ಎಂದು ತೋರಿಸುವುದು ಹೆಚ್ಚು ಉಪಯೋಗ.

ಇನ್ನೊಂದು ಮಾತು. ಕಂಡೊಡನೆ ಗುರುತಿಸುವುದು ಎಂದರೆ ಚಿತ್ರದ ಹಾಗೆ ನೆನಪಿಡುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಓದಿನ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಲಿನಿಯಾ ಎಹ್ರಿಯ ವಾದ ಬೇರೆ. ಒಂದು ಪದ ಕಣ್ಣಿಗೆ ಬಿದ್ದೊಡನೆ ಹೊಳೆಯುವುದು ಅದರ ಆಕಾರ ನೆನಪಿರುವುದರಿಂದಲ್ಲ. ಅದರ ಅಕ್ಷರಗಳು ಅದರ ದನಿಗಳಿಗೆ ಮನಸ್ಸಿನಲ್ಲಿ ಗಂಟು ಬಿದ್ದಿರುವುದರಿಂದ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಅಜ್ಜಿ. ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಊರಿನ ಮನೆಮನೆಯ ಬಟ್ಟೆಗೂ ಒಂದೊಂದು ಗುರುತು ಇತ್ತು. ಮೊದಲು ಕೇರುಬೀಜದ ರಸದಿಂದ ಚುಕ್ಕೆ ಗೆರೆ ಹಾಕುತ್ತಿದ್ದರಂತೆ. ನಾನು ಕಾಣುವ ಹೊತ್ತಿಗೆ ಅದು ಕರಿ ನೂಲಿನ ಹೊಲಿಗೆಯಾಗಿತ್ತು. ಎರಡು ಚುಕ್ಕೆ ಒಂದು ಗೆರೆ ಗೌಡರ ಮನೆ, ಕತ್ತರಿಯಂಥದ್ದು ಶೆಟ್ಟರ ಮನೆ, ಮೂರು ಚುಕ್ಕೆ ಕನ್ನಡ ಸಾಲಿ ಮಾಸ್ತರರದು. ರಾಶಿಯ ಮುಂದೆ ಕೂತು ಅಂಚು ಮಡಿಸಿ ನೋಡಿದೊಡನೆ ಎಸೆಯುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ನನಗೂ ಕಲಿಸಿದ್ದಳು. "ಇದು ಯಾರ ಮನೀದು ಹೇಳು?" ಶಾಲೆಗೆ ಸೇರುವ ಮುನ್ನ ನಾನು ಓದಲು ಕಲಿತದ್ದು ಅದನ್ನೇ.

ಕಂಡೊಡನೆ ಗುರುತಿಸುವ ಓದು ಎಂದರೆ ಅದು. ಅದರ ಶಕ್ತಿಯೂ ಅದರ ಮಿತಿಯೂ ಅಜ್ಜಿಯ ಕೈಯಲ್ಲಿ ಒಟ್ಟಿಗೆ ಕಾಣುತ್ತಿದ್ದವು. ಪ್ರತಿ ಗುರುತೂ ಅವಳಿಗೆ ಒಂದು ಮನೆ, ಆ ಮನೆಯ ಜನ, ಅವರು ಕೊಡಬೇಕಾದ ಕಾಳು. ಅರ್ಥವಿಲ್ಲದ ಗುರುತು ಒಂದೂ ಇರಲಿಲ್ಲ. ಆದರೆ ಊರಿಗೆ ಹೊಸ ಮನೆ ಬಂದರೆ ಹೊಸ ಗುರುತು ಬೇಕು. ನೂರು ಗುರುತು ಬಲ್ಲವಳಿಗೆ ನೂರಾ ಒಂದನೆಯದು ತಾನಾಗಿ ತಿಳಿಯುವುದಿಲ್ಲ. ಅಕ್ಷರ ಹಾಗಲ್ಲ. ಅ, ಗ, ಸ, ರ ನಾಲ್ಕು ಬಂದರೆ ಯಾರೂ ಹೇಳಿಕೊಡದ ಪದವೂ ಓದಲು ಬರುತ್ತದೆ. ಅಜ್ಜಿ ಬಸ್ಸಿನ ಬೋರ್ಡು ಓದಲಾರದೆ ನಿಲ್ದಾಣದಲ್ಲಿ ಬೇರೆಯವರ ಮುಖ ನೋಡುತ್ತ ನಿಲ್ಲುತ್ತಿದ್ದುದನ್ನು ನಾನು ಮರೆತಿಲ್ಲ. ಆದ್ದರಿಂದ ಅಕ್ಷರ ಬಿಟ್ಟು ಬರೀ ಪದ ತೋರಿಸಿ ಎನ್ನುವವರ ಮಾತಿಗೆ ನಾನು ತಲೆದೂಗಲಾರೆ. ಕನ್ನಡದಂಥ ಲಿಪಿಯಲ್ಲಂತೂ ಅದು ಮಗುವಿಗೆ ಸಿಗಬೇಕಾದ ದೊಡ್ಡ ಅನುಕೂಲವನ್ನೇ ಕಿತ್ತುಕೊಂಡ ಹಾಗೆ. ನಮ್ಮ ಬರಹ ಉಚ್ಚಾರಕ್ಕೆ ಬಹುಮಟ್ಟಿಗೆ ನಿಷ್ಠವಾಗಿದೆ.

ಹಾಗಾದರೆ ಕಂಡೊಡನೆ ಗುರುತಿಸುವ ಪದಗಳಿಂದ ಕನ್ನಡದ ಮಗುವಿಗೆ ಪ್ರಯೋಜನವೇ ಇಲ್ಲವೇ? ಇದೆ ಎಂದು ನನ್ನ ವಾದ. ಆದರೆ ಇಂಗ್ಲಿಷಿನಲ್ಲಿ ಇರುವ ಕಡೆ ಅಲ್ಲ.

ನಮ್ಮ ಲಿಪಿಯ ಕಷ್ಟ ಬೇರೆ ಜಾಗದಲ್ಲಿದೆ. ಇಂಗ್ಲಿಷಿನ ಅಕ್ಷರ ಇಪ್ಪತ್ತಾರಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಕಾಗುಣಿತದ ರೂಪಗಳೇ ನಾನೂರು ದಾಟುತ್ತವೆ, ಮೇಲೆ ಒತ್ತಕ್ಷರಗಳು. ಕನ್ನಡ ಓದಿನ ಕಲಿಕೆ ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುವುದೂ ಇದನ್ನೇ: ಇಲ್ಲಿ ಅಕ್ಷರ ಕಲಿಕೆ ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಮೇಲಿನ ತರಗತಿಗಳವರೆಗೆ ನಿಧಾನವಾಗಿ ಸಾಗುತ್ತದೆ. ಎಲ್ಲ ಪದ್ಧತಿಗಳೂ ಮೊದಲು ಸರಳಾಕ್ಷರ, ಆಮೇಲೆ ಗುಣಿತ, ಕೊನೆಗೆ ಒತ್ತು ಎಂದು ಹೋಗುತ್ತವೆ. ಲಿಪಿಯ ದೃಷ್ಟಿಯಿಂದ ಇದು ಸಹಜವೇ.

ಆದರೆ ಮಗುವಿನ ಬಾಯಲ್ಲಿ ಏನಿದೆ ನೋಡಿ. ಅವ್ವ, ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ. ಕಣ್ಣು, ಹಲ್ಲು, ಹೊಟ್ಟೆ. ರೊಟ್ಟಿ, ಅನ್ನ, ಮೊಟ್ಟೆ, ಹಣ್ಣು, ಬೆಲ್ಲ. ಬೆಕ್ಕು. ನಿದ್ದೆ. ಬಟ್ಟೆ. ಇಲ್ಲ, ಒಲ್ಲೆ. ಎಲ್ಲದರಲ್ಲೂ ಒತ್ತು! ಕನ್ನಡದ ಮಗುವಿಗೆ ಅತ್ಯಂತ ಹತ್ತಿರದ ಪದಗಳು ದ್ವಿತ್ವಾಕ್ಷರದಿಂದ ತುಂಬಿವೆ. ನಮ್ಮ ಓದಿನ ಕ್ರಮದಲ್ಲಿ ಅವು ಕೊನೆಗೆ ಬರುತ್ತವೆ. ಗರಗಸ ಬೇಗ ಬರುತ್ತದೆ, ಅವ್ವ ತಡವಾಗಿ ಬರುತ್ತಾಳೆ. ತಿಂಗಳುಗಟ್ಟಲೆ ಮಗು ಓದುವುದು ತನ್ನದಲ್ಲದ ಪದಗಳನ್ನು; ಓದು ಎಂದರೆ ತನ್ನ ಮಾತಿಗೆ ಸಂಬಂಧಿಸಿದ್ದಲ್ಲ ಎಂಬ ಪಾಠವನ್ನೂ ಅದು ಜೊತೆಗೇ ಕಲಿಯುತ್ತದೆ. ಮಾತಿನಲ್ಲಿ ಚುರುಕಾದ ಎಷ್ಟೋ ಮಕ್ಕಳು ಪುಸ್ತಕದ ಮುಂದೆ ಮೂಕರಾಗುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಅನುಮಾನ.

ಇಲ್ಲಿ ಬೇಕು ಕಂಡೊಡನೆ ಗುರುತಿಸುವ ಪದ. ಒತ್ತಿನ ಪಾಠ ಬರುವವರೆಗೆ ಕಾಯದೆ, ಇಪ್ಪತ್ತು ಮೂವತ್ತು ಮನೆಮಾತಿನ ಪದಗಳನ್ನು ಇಡಿಯಾಗಿ ಕಣ್ಣಿಗೆ ಪರಿಚಯ ಮಾಡಿಸಬಹುದು. ಅಕ್ಷರ ಕಲಿಕೆ ತನ್ನ ಕ್ರಮದಲ್ಲೇ ನಡೆಯಲಿ. ಜೊತೆಜೊತೆಗೆ ಅವ್ವ, ಇಲ್ಲ, ರೊಟ್ಟಿ ಕೂಡ ಇರಲಿ. ಮುಂದೆ ಒತ್ತಿನ ಪಾಠ ಬಂದಾಗ ಮಗುವಿನ ಹತ್ತಿರ ಆಗಲೇ ಉದಾಹರಣೆಗಳ ದಾಸ್ತಾನಿರುತ್ತದೆ. 'ಅವ್ವ'ದ ಕೆಳಗಿರುವ ಸಣ್ಣ ವ ಏನು ಮಾಡುತ್ತದೆ ಎಂದು ಅದಕ್ಕೆ ಬಾಯಿಯಿಂದ ಗೊತ್ತಿರುತ್ತದೆ.

ಆದರೆ ಪಟ್ಟಿಯನ್ನು ಯಾರು ಮಾಡಬೇಕು? ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆ್ಯಷ್ಟನ್-ವಾರ್ನರ್ 1963ರಲ್ಲಿ ಪ್ರಕಟವಾದ 'ಟೀಚರ್' ಪುಸ್ತಕದಲ್ಲಿ ತನ್ನ ಪದ್ಧತಿ ವಿವರಿಸಿದ್ದಾಳೆ. ದಿನವೂ ಪ್ರತಿ ಮಗುವನ್ನೂ ಕರೆದು ನಿನಗೆ ಯಾವ ಪದ ಬೇಕು ಎಂದು ಕೇಳುವುದು, ದೊಡ್ಡ ಕಾರ್ಡಿನ ಮೇಲೆ ಬರೆದುಕೊಡುವುದು, ಮರುದಿನ ಮಗು ಅದನ್ನು ಗುರುತಿಸದಿದ್ದರೆ ಕಾರ್ಡನ್ನು ತೆಗೆದುಹಾಕುವುದು. ಹೆದರಿಕೆಗೆ, ಪ್ರೀತಿಗೆ ತಗಲಿದ ಪದಗಳು ಒಂದೇ ನೋಟಕ್ಕೆ ಉಳಿಯುತ್ತಿದ್ದವು. ಹೊರಗಿನಿಂದ ಬಂದ ಪುಸ್ತಕದ ಪದಗಳು ಉಳಿಯುತ್ತಿರಲಿಲ್ಲ.

ಇದಕ್ಕೆ ಆಕ್ಷೇಪವಿದೆ, ಅದು ಹಗುರವಾದುದೂ ಅಲ್ಲ. ಪ್ರತಿ ಮಗುವಿಗೂ ಅದರದೇ ಪದ ಎಂದರೆ ಪಠ್ಯಪುಸ್ತಕ ಹೇಗೆ ಅಚ್ಚಾಗಬೇಕು? ಬೀದರಿನ ಮಗು, ಕೊಡಗಿನ ಮಗು, ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಎಲ್ಲರೂ ಒಂದೇ ಪುಸ್ತಕ ಓದಬೇಕಲ್ಲವೇ? ಹೌದು. ಸಾಮಾನ್ಯ ಬರಹ ಕನ್ನಡ ಬೇಕು. ನನಗೆ ಅದು ಸಿಗದಿದ್ದರೆ ಇಂದು ಈ ಲೇಖನವನ್ನು ಬರೆಯುತ್ತಿರಲಿಲ್ಲ. ನಾನು ಕೇಳುತ್ತಿರುವುದು ಪುಸ್ತಕದಲ್ಲಿ ಒಂದು ಖಾಲಿ ಚೌಕವನ್ನು. ಪ್ರತಿ ಅಕ್ಷರದ ಪಕ್ಕದಲ್ಲಿ ಅಚ್ಚಾದ ಒಂದು ಪದ ಇರಲಿ, ಮಗು ಹೇಳಿ ಟೀಚರ್ ಬರೆಯುವ ಇನ್ನೊಂದಕ್ಕೆ ಜಾಗ ಇರಲಿ. ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತೇವೆ, ಅರಬಿ ಎನ್ನುವವರೂ ಇದ್ದಾರೆ. ಅರಿವೆ ಎಂಬ ರೂಪದಲ್ಲಿ ಅದು ನಿಘಂಟಿನಲ್ಲೂ ಇದೆ. ಆ ಚೌಕದಲ್ಲಿ ನಾನು ಅದನ್ನು ಬರೆಸುತ್ತಿದ್ದೆ. ನಮ್ಮ ಮನೆಯ ಅ ಅದು. ಅದರ ಹಿಂದೆಯೇ ಉಬ್ಬೆ, ಚೌಳುಮಣ್ಣು, ಗಂಜಿ, ನೀಲಿ, ಮಡಿ ಎಂದು ಒಂದು ಕಸುಬಿನ ಪದಕೋಶವೇ ಬರುತ್ತಿತ್ತು. ಎಂ.ಎ. ತರಗತಿಯಲ್ಲಿ ಮಡಿವಾಳ ಮಾಚಿದೇವನ ವಚನ ಓದುವವರೆಗೆ ಈ ಲೋಕ ಓದಿಗೆ ಸೇರಿದ್ದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅಗಸ ಎಂಬ ಪದವನ್ನು ತೆಗೆದವರು ನಮ್ಮನ್ನು ಅವಮಾನದಿಂದ ಪಾರುಮಾಡಿದರು, ಅದಕ್ಕೆ ಋಣಿ. ಆದರೆ ಜಾತಿಯ ಹೆಸರಿನ ಜೊತೆ ಆ ಕೆಲಸದ ಮಾತುಗಳಿಗೂ ಬಾಗಿಲು ಮುಚ್ಚಬೇಕಿರಲಿಲ್ಲ.

ಕೊನೆಗೆ ಅಣ್ಣನ ಮಗಳ ಕಾರ್ಡುಗಳ ಮಾತು. ನಾನು ಪಟ್ಟಿ ಮಾಡದೆ ಅವಳನ್ನೇ ಕೇಳಿದೆ: "ನಿನಗ ಯಾವುದು ಬೇಕವಾ?" ಅಂಗಡಿಯ ಕಡೆ ನೋಡಿ "ಇಸ್ತ್ರಿ" ಅಂದಳು. ನನ್ನ ಎದೆ ಧಸಕ್ಕೆಂದಿತು. ಸ-ತ-ರ ಮೂರು ವ್ಯಂಜನ ಒಂದರ ಕೆಳಗೊಂದು ಕೂತ ಅಕ್ಷರ! ಯಾವ ಪದ್ಧತಿಯಲ್ಲೂ ಇದು ಮೊದಲ ಪದವಾಗಲಾರದು. ಬರೆದುಕೊಟ್ಟೆ. ಮರುದಿನ ಬೆಳಿಗ್ಗೆ ಕಾರ್ಡು ತೋರಿಸುವ ಮೊದಲೇ ಅಂಗಡಿಯ ಬೋರ್ಡಿಗೆ ಬೊಟ್ಟುಮಾಡಿ ಓದಿದಳು. ಅಣ್ಣ ಕಾದ ಪೆಟ್ಟಿಗೆಯನ್ನು ಬದಿಗಿಟ್ಟು ಮಗಳ ಮುಖ ನೋಡಿದ.

ನನ್ನ ವಾದ ಗೆದ್ದಿತೆಂದು ಹಿಗ್ಗುವಷ್ಟರಲ್ಲಿ ಸಂಜೆಯಾಯಿತು. ಬೀದಿಯ ತುದಿಯ ಹೋಟೆಲಿನ ಬೋರ್ಡು ನೋಡಿ ಅವಳು ಅಷ್ಟೇ ಧೈರ್ಯದಿಂದ "ಇಸ್ತ್ರಿ" ಅಂದಳು. ಅಲ್ಲಿ ಬರೆದಿದ್ದುದು 'ಇಡ್ಲಿ'. ಮೊದಲ ಅಕ್ಷರ ನೋಡಿ ಉಳಿದುದನ್ನು ಊಹಿಸಿದ್ದಳು. ನಾವಿಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತು, ಕಾರ್ಡನ್ನೂ ಬೋರ್ಡನ್ನೂ ಒಂದರ ಪಕ್ಕ ಒಂದು ಇಟ್ಟ ಹಾಗೆ ನೋಡುತ್ತ, ಎಲ್ಲಿ ಬೇರೆಯಾಯಿತು ಎಂದು ಹುಡುಕತೊಡಗಿದೆವು. ಅವಳಿಗೆ ಡ ಗೊತ್ತಿತ್ತು. ಲ ಕೂಡ ಗೊತ್ತಿತ್ತು. ಡದ ಕಾಲಡಿ ಸಣ್ಣಗೆ ಕೂತದ್ದು ಅದೇ ಲ ಎಂದು ಕಂಡುಹಿಡಿಯಲು ಐದು ನಿಮಿಷ ಹಿಡಿಯಿತು. ಆಮೇಲೆ ಇಬ್ಬರೂ ಒಳಗೆ ಹೋಗಿ ಇಡ್ಲಿ ತಿಂದೆವು.